ಮಣ್ಣು ಮುಚ್ಚಿ ಬಂದ ಸುರುಳಿ

ಕಾಲೇಜಿನಲ್ಲಿ ನಮಗೆ ಭೂವಿಜ್ಞಾನ ಕಲಿಸಿದ ಮೇಡಂ ಅವರ ಎಡಗೈ ಹೆಬ್ಬೆರಳಿನ ಉಗುರು ಸುತ್ತಿಗೆಯ ಪೆಟ್ಟಿಗೆ ನಡುವೆ ಸೀಳಿಹೋಗಿತ್ತು. ಆ ಬೆರಳಲ್ಲೇ ಎಲ್ಲವನ್ನೂ ತಡವಿ ನೋಡುವ ಅಭ್ಯಾಸ. ಜಯನಗರದ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆಯನ್ನೂ ಹಾಗೇ ತಿರುಗಿಸಿ ನೋಡುತ್ತಿದ್ದರೆ ತರಕಾರಿಯವನು, "ಆಂಟಿ, ಅದು ಕಲ್ಲಲ್ಲ, ಬೇಯುತ್ತೆ ತಗೊಳ್ಳಿ" ಎಂದು ರೇಗಿಸುತ್ತಿದ್ದ.

ವರ್ಷಕ್ಕೊಮ್ಮೆ ನಮ್ಮನ್ನು ತಮಿಳುನಾಡಿನ ಅರಿಯಲೂರಿಗೆ ಕರೆದೊಯ್ಯುತ್ತಿದ್ದರು. ಡೈನೋಸಾರುಗಳ ಕಾಲದಲ್ಲಿ ಅಲ್ಲಿ ಸಮುದ್ರವಿತ್ತು. ಅದರ ತಳದ ಕೆಸರೇ ಈಗಿನ ಸುಣ್ಣಕಲ್ಲಿನ ಪದರ. ಒಳಗೆ ಚಿಪ್ಪುಗಳು, ಸುರುಳಿ ಆಕಾರದ ಕಡಲಜೀವಿಗಳು ಕಲ್ಲಾಗಿ ಮಲಗಿವೆ. "ನಿಮ್ಮಜ್ಜಿ ಪೂಜೆ ಮಾಡೋ ಸಾಲಿಗ್ರಾಮದ ಚಕ್ರಾನೂ ಇದರ ನೆಂಟನೇ ಕಣೇ" ಎನ್ನುತ್ತಿದ್ದರು. ಯಾವ ಪದರದಲ್ಲಿ ಸಿಕ್ಕಿತೆಂದು ಅಳೆದು, ಚಿತ್ರ ಬರೆದುಕೊಳ್ಳದೆ ಏನನ್ನೂ ಕೀಳುವಂತಿರಲಿಲ್ಲ. "ಜಾಗ ತಪ್ಪಿದ ಕಲ್ಲು ಸಂತೇಲಿ ಕಳೆದ ಮಗು. ತನ್ನೂರು ಯಾವ್ದು ಅಂತ ಹೇಳಕ್ಕೆ ಬರಲ್ಲ."

ನನ್ನ ಕೊನೆಯ ವರ್ಷದ ಪ್ರವಾಸದಲ್ಲಿ, ಇನ್ನೇನು ಹೊರಡಬೇಕು ಎನ್ನುವಾಗ, ಸಿಮೆಂಟ್ ಕಾರ್ಖಾನೆಯವರು ಸುಣ್ಣಕಲ್ಲು ಅಗೆಯುವ ಕ್ವಾರಿಯಾಚೆಯ ಹಳ್ಳದ ದಂಡೆಯಲ್ಲಿ ಮದುವೆಮನೆಯ ಪರಾತದಷ್ಟು ದೊಡ್ಡ ಸುರುಳಿ ಕಂಡಿತು. ಒಂದು ಚೂರೂ ಮುಕ್ಕಾಗಿರಲಿಲ್ಲ. ಅಂಥದ್ದು ಅವರಿಗೇ ಅದುವರೆಗೆ ಸಿಕ್ಕಿರಲಿಲ್ಲ. ಆದರೆ ಬೆಳಕು ಹೋಗುತ್ತಿತ್ತು, ಅಳೆಯಲು ಹೊತ್ತಿರಲಿಲ್ಲ.

"ಕಿತ್ಕೊಂಡ್ ಹೋಗೋಣ ಮೇಡಂ, ಬಸ್ಸಲ್ಲಿ ಜಾಗ ಇದೆ" ಎಂದೆ.

"ಕೋಟಿಗಟ್ಟಲೆ ವರ್ಷ ಕಾದಿದೆ, ಇನ್ನೊಂದು ತಿಂಗಳು ಕಾಯಲ್ವಾ?" ಎಂದವರೇ ಅದಕ್ಕೆ ಕೈಯಾರೆ ಮಣ್ಣು ಮುಚ್ಚಿದರು.

ತಿಂಗಳ ಮೇಲೆ ನಾವಿಬ್ಬರೇ ಹೋದಾಗ ಹಳ್ಳವೇ ಇರಲಿಲ್ಲ. ಕ್ವಾರಿ ಅಲ್ಲಿಯವರೆಗೂ ಬಂದಿತ್ತು. ಕಲ್ಲೆಲ್ಲ ಸಿಮೆಂಟಿಗೆ ಹೋಗಿತ್ತು. ಯಾರನ್ನು ಬೈಯುವುದು?

ನಿವೃತ್ತರಾದ ಮೇಲೆ ಜೆ.ಪಿ. ನಗರದ ಅವರ ಮನೆಯೆದುರು ಅಪಾರ್ಟ್‌ಮೆಂಟ್ ಏಳತೊಡಗಿತು. ಕಾಫಿ ಲೋಟ ಹಿಡಿದು ನೋಡುತ್ತಾ, "ನಮ್ಮ ಸುರುಳಿ ಯಾರ ಮನೆ ಬಾತ್‌ರೂಮ್ ಗೋಡೇಲಿದೆಯೋ" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಒಮ್ಮೆ ಮಾತ್ರ ಕೇಳಿದರು: "ನಾನು ಆವತ್ತು ಮಾಡಿದ್ದು ಸರಿ ತಾನೇ?"

"ಸರಿ, ಮೇಡಂ."

"ಸರಿಯಾಗೇ ಮಾಡಿ ಕಳ್ಕೊಂಡೆ ನೋಡು."

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಈಗ ನಾನೂ ಮೇಷ್ಟ್ರಗಿರಿ ಮಾಡುತ್ತೇನೆ, ಅದೇ ಅರಿಯಲೂರಿಗೆ ಮಕ್ಕಳನ್ನು ಕರೆದೊಯ್ಯುತ್ತೇನೆ, ಮೇಡಂ ಅವರ ನಿಯಮವನ್ನೇ ಹೇಳಿಕೊಡುತ್ತೇನೆ. ಈ ಸಲ ಕತ್ತಲಾಗುವಾಗ ಒಬ್ಬ ವಿದ್ಯಾರ್ಥಿನಿ ಕಲ್ಲೊಳಗಿನ ಸುರುಳಿ ತೋರಿಸಿ, "ತಗೊಳ್ಳೋಣ್ವಾ ಮೇಡಂ?" ಎಂದಳು. ಬೇಡ ಎನ್ನಲು ಬಾಯಿ ತೆರೆದವಳು ಕ್ವಾರಿಯ ಕಡೆ ನೋಡಿದೆ. "ತಗೋ" ಎಂದೆ. ನಮ್ಮ ಮೇಡಂ ಬೈಯುತ್ತಿದ್ದರೋ, ಸುಮ್ಮನಿರುತ್ತಿದ್ದರೋ, ಕೇಳೋಣವೆಂದರೆ ಅವರಿಲ್ಲ.