ವಾಸನೆ ಇರದ ಬಾಯಿ

ಯಾಲಕ್ಕಿಯ ವಾಸನೆ ಈಗ ನನಗೆ ಆಗುವುದಿಲ್ಲ. ಮನೆಯಲ್ಲಿ ಚಹಾಕ್ಕೆ ಅದನ್ನು ಹಾಕುವುದನ್ನೇ ಬಿಡಿಸಿದ್ದೇನೆ. ಒಂದು ರವಿವಾರ ಮಧ್ಯಾಹ್ನ ನನ್ನ ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಬಾಯಿ ತುಂಬ ಯಾಲಕ್ಕಿ ಜಗಿಯುತ್ತ ಒಂದು ಪೊಲೀಸ್ ಠಾಣೆಯ ಕುರ್ಚಿಯಲ್ಲಿ ಕೂತಿದ್ದರು. ಯಾವ ಠಾಣೆ ಎಂದು ಬರೆಯುವುದಿಲ್ಲ. ಯಾಲಕ್ಕಿಯ ಕೆಳಗೆ ಇನ್ನೊಂದು ವಾಸನೆ ಇತ್ತು. ಎಷ್ಟು ಯಾಲಕ್ಕಿ ಜಗಿದರೂ ಆ ವಾಸನೆ ಅಡಗಿರಲಿಲ್ಲ.

ನಾನು ಗೋಕಾಕದಲ್ಲಿ ವಕೀಲಿ ಮಾಡುವವಳು. ಹೊಲದ ಬದುವಿನ ತಕರಾರು, ಆಸ್ತಿ ಪಾಲಿನ ವಾಟ್ನಿ, ಗಂಡ ಹೆಂಡಿರ ಜಗಳ, ಇವೇ ನನ್ನ ದಿನದ ಊಟ. ಕಾಕಾ ಇರುವುದು ಮೂಡಲಗಿಯಲ್ಲಿ. ಊರಿಗೆ ದೊಡ್ಡವರು. ಕೊರಳಲ್ಲಿ ಲಿಂಗ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಒಂದು ಸಾಲಿಯ, ಅಂದರೆ ಶಾಲೆಯ, ಆಡಳಿತ ಮಂಡಳಿಗೆ ಅವರೇ ಅಧ್ಯಕ್ಷರು, ಆ ಸಾಲಿಗೆ ಕಾನೂನು ಸಲಹೆಗಾರ್ತಿ ನಾನು. ನನ್ನನ್ನು ಹತ್ತನೆಯ ಇಯತ್ತೆಗೇ ಮದುವೆ ಮಾಡಿ ಕಳಿಸಲು ಅಜ್ಜ ಹೊರಟಾಗ ಅಡ್ಡ ನಿಂತವರು ಇದೇ ಕಾಕಾ. ಬೆಳಗಾವಿಯ ಕಾಲೇಜಿಗೆ ತಾವೇ ಕೈ ಹಿಡಿದು ಕರೆದೊಯ್ದು ಹೆಸರು ಹಚ್ಚಿದ್ದರು. ಅವರ ಮಾತಿಗೆ ಇಲ್ಲ ಅನ್ನುವುದು ನನ್ನ ನಾಲಿಗೆಗೆ ರೂಢಿಯೇ ಇರಲಿಲ್ಲ.

ಆ ದಿನ ಅವರು ದಡ್ಡಿ ಎಂಬ ಊರಿನಲ್ಲಿ ಒಬ್ಬ ಬೀಗರ ಹೊಲದ ಊಟಕ್ಕೆ ಹೋಗಿದ್ದರು. ಕಾರು ಓಡಿಸಲು ತುಕ್ಕಾನಟ್ಟಿಯ ಒಬ್ಬನನ್ನು ಕರೆದುಕೊಂಡಿದ್ದರು. ಅವನು ಸಾಲಿಯ ವ್ಯಾನಿನ ಡ್ರೈವರ್. ಸಾಲಿಯ ಸೂಟಿಯ ದಿನ ಕಾಕಾನ ಕಾರು ಅವನದೇ ಪಾಲಿಗೆ ಬರುತ್ತಿತ್ತು. ಬೀಗರ ಹೊಲದಲ್ಲಿ ಕಬ್ಬಿನ ಮರೆಗೆ ಕೂತು ಏನೇನು ನಡೆಯಿತೋ, ಕಾಕಾ ಎದ್ದು ಬಂದಾಗ ಕಣ್ಣು ಕೆಂಪಗಾಗಿದ್ದವಂತೆ.

"ಕೀಲಿ ತಾ ಇಲ್ಲೆ. ನನ್ನ ಗಾಡಿ, ನಾ ಹೊಡಿತೇನಿ" ಅಂದರಂತೆ.

"ಬ್ಯಾಡ್ರಿ ಸಾವ್ಕಾರ್ರ, ನಾ ಅದೀನಲ್ರಿ ಹೊಡಿಯಾಕ" ಅಂದನಂತೆ ಇವನು. ಕೇಳುವವರು ಯಾರು? ಕಾಕಾನೇ ಓಡಿಸಿದರು. ಅರ್ಧ ದಾರಿಯಲ್ಲಿ ಪೊಲೀಸರು ಕೈ ಮಾಡಿ ನಿಲ್ಲಿಸಿ ಊದುವ ಯಂತ್ರ ಬಾಯಿಗೆ ಹಿಡಿದರು. ಯಂತ್ರ ಒದರಿಕೊಂಡಿತು. ಆಮೇಲೆ ಠಾಣೆ, ಆಮೇಲೆ ನನಗೆ ಫೋನು.

ನಾನು ಹೋದಾಗ ಕಾಕಾ ಕುರ್ಚಿಯಲ್ಲಿದ್ದರು, ಕೈಯಲ್ಲಿ ಚಹಾದ ಕಪ್ಪು-ಬಶಿ. ಡ್ರೈವರ್ ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದ. ಇಬ್ಬರಲ್ಲಿ ಯಾರು ಕುಡಿದವರು ಎಂದು ಸಣ್ಣ ಕೂಸು ನೋಡಿದರೂ ಹೇಳುತ್ತಿತ್ತು. ನಾನು ತಗ್ಗಿದ ದನಿಯಲ್ಲಿ ಕಾಕಾನಿಗೆ ತಿಳಿಸಿ ಹೇಳಿದೆ.

"ಕಾಕಾ, ಇದು ಮೊದಲನೇ ಸಲ. ದಂಡ ಹಾಕ್ತಾರ, ಕಟ್ಟಿ ಬರೂಣು. ಇಲ್ಲಾ ಅಂದ್ರ ಆ ಯಂತ್ರ ತಪಾಸಣಿ ಆಗೇತೋ ಇಲ್ಲೋ ಅದರ ಕಾಗದ ಕೇಳೂಣು. ನ್ಯಾಯದ ಪ್ರಕಾರ ಹೊಡದಾಡಾಕ ದಾರಿ ಐತಿ."

ಕಾಕಾ ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದರು.

"ಏನ್ ಮಾತಾಡ್ತಿ ಮಗಳ? ಕೋರ್ಟಿನ ಬಾಗಲದಾಗ ಜವಾನ ನಿಂತು ನನ್ನ ಹೆಸರು ಮೂರ ಸಲ ಒದರೂದು? ಎದಿ ಮ್ಯಾಲೆ ಲಿಂಗ ಇಟಗೊಂಡಾಂವ ನಾನು. ಮಂದಿ ಏನ್ ಅಂದಾರು?"

ಅವರಿಗೆ ದಂಡದ ಚಿಂತೆ ಇರಲಿಲ್ಲ. ಜೇಲಿನ ಚಿಂತೆಯೂ ಇರಲಿಲ್ಲ. ಆ ಮೂರು ಕೂಗಿನ ಚಿಂತೆ ಒಂದೇ. ಅಲ್ಲಿದ್ದ ಒಬ್ಬ ಪೊಲೀಸಿನವನು ಕೆಮ್ಮಿ, ಯಂತ್ರದ ಚೀಟಿಯಲ್ಲಿ ಅಂಕಿ ಮಾತ್ರ ಬಂದಿದೆ, ಹೆಸರನ್ನು ಇನ್ನೂ ಕೈಯಿಂದ ಬರೆಯಬೇಕು ಅಂದ. ಅಂದವನೇ ಕಿಟಕಿಯ ಹೊರಗೆ ನೋಡತೊಡಗಿದ. ಕಾಕಾ ಡ್ರೈವರನ ಕಡೆ ತಿರುಗಿದರು.

"ತಮ್ಮಾ, ಒಂದ ಸಹಿ. ಅಷ್ಟ. ನಿನ್ನ ವ್ಯಾನಿಗೆ ಕೈ ಹಚ್ಚಾಕ ನಾ ಯಾರಿಗೂ ಬಿಡಂಗಿಲ್ಲ. ಅಧ್ಯಕ್ಷ ಯಾರು? ನಾನಲ್ಲ?"

ಅವನು ನನ್ನ ಮುಖ ನೋಡಿದ. ವಕೀಲರು ಬಂದಿದ್ದಾರೆ, ಅವರು ಏನಾದರೂ ಅಂದಾರು ಎಂದು ಕಾದ. ನಾನು ನನ್ನ ಚೀಲದಲ್ಲಿ ಪೆನ್ನು ಹುಡುಕಿ ಅವನಿಗೆ ಕೊಟ್ಟೆ. ಹೌದು, ಪೆನ್ನು ಕೊಟ್ಟವಳು ನಾನೇ. ಥೂ!

ಮರುದಿನ ನನ್ನ ಆಫೀಸು ತೆರೆಯುವ ಮೊದಲೇ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಡ್ರೈವರನ ಹೆಂಡತಿ. ತೆಳ್ಳಗೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಗಳಕ್ಕೇ ಬಂದವಳ ಹಾಗೆ ಇದ್ದಳು. ಆದರೆ ಮಾತು ಮೆತ್ತಗಿತ್ತು.

"ಅಕ್ಕಾರ, ನನ್ನ ಗಂಡ ನಿನ್ನೆ ಕುಡದಿಲ್ರಿ."

"ಅವನೇ ಹೇಳಿದನೇನು?"

"ಆಂವ ಏನೂ ಹೇಳವಲ್ಲ. ಸಾವ್ಕಾರ್ರಿಗೆ ಮಾತ ಕೊಟ್ಟೇನಿ ಅಂತಾನ. ನಾ ಮೂಸೇನ್ರಿ."

ನನಗೆ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಹಿಂದೆ ಅವನು ಕುಡಿಯುತ್ತಿದ್ದ, ಚೆನ್ನಾಗಿಯೇ ಕುಡಿಯುತ್ತಿದ್ದ. ಅವಳು ಕೊಣ್ಣೂರಿನ ತವರಿಗೆ ಹೋಗಿ ಕೂತಳು. ಹಿರಿಯರು ಕೂಡಿ ಮಾತಾಡಿದಾಗ ಅವಳು ಕೇಳಿದ್ದು ಆಣೆಯಲ್ಲ, ಪ್ರಮಾಣವಲ್ಲ. ದಿನಾಲೂ ಸಂಜೆ ಹೊಸ್ತಿಲ ಹೊರಗೆ ನಿಂತು ಅವನು ಬಾಯಿ ತೆರೆಯಬೇಕು, ಅವಳು ಮೂಸಿ ನೋಡಬೇಕು, ವಾಸನೆ ಇಲ್ಲದಿದ್ದರೆ ಒಳಗೆ. ನಾಲ್ಕು ವರ್ಷದಿಂದ ಒಂದು ದಿನ ತಪ್ಪಿಲ್ಲ. ಓಣಿಯ ಮಂದಿ ಮೊದಮೊದಲು ನಕ್ಕರು. ಅವನಿಗೇ ನಾಚಿಕೆ ಇಲ್ಲದ ಮೇಲೆ ಮಂದಿ ಎಷ್ಟು ದಿನ ನಕ್ಕಾರು, ಸುಮ್ಮನಾದರು. ಆ ನಂಬಿಗೆಯ ಮೇಲೆಯೇ ಸಾಲಿಯವರು ವ್ಯಾನು ಕೊಟ್ಟದ್ದು.

"ನಿನ್ನೆ ಸಂಜಿಗೂ ಮೂಸೇನಿ. ಬರೇ ಚುರಮರಿ ವಾಸನಿ, ಉಳ್ಳಾಗಡ್ಡಿ ವಾಸನಿ. ಮತ್ತೇನಿಲ್ಲ. ನಾ ಕೋರ್ಟಿಗೆ ಬಂದು ಸಾಕ್ಷಿ ಹೇಳ್ತೇನ್ರಿ ಅಕ್ಕಾರ. ಇಲ್ಲಾಂದ್ರ ವ್ಯಾನ ಹೋಗತೈತ್ರಿ. ವ್ಯಾನ ಹೋತಂದ್ರ ಆಂವ ಮತ್ತ ಏನಾಗ್ತಾನೋ ನನಗ ಗೊತ್ತೈತಿ."

ನಾನು ನಕ್ಕೆ. ಇಪ್ಪತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿಳಿದವರಿಗೆ ಬರುವ ಒಂದು ನಗೆ ಇದೆ, ಎದುರಿನವರು ಎಷ್ಟು ದಡ್ಡರು ಎಂದು ತೋರಿಸುವ ನಗೆ. "ಕೋರ್ಟಿನಾಗ ಮೂಗಿನ ಸಾಕ್ಷಿ ನಡಿಯಂಗಿಲ್ಲವಾ" ಅಂದೆ. ಯಾರು ಹೇಳಿದರು ನಡೆಯುವುದಿಲ್ಲ ಎಂದು? ವಾಸನೆ ಬಂತು ಎಂದು ಪೊಲೀಸರು, ಡಾಕ್ಟರು ದಿನಾಲೂ ಬರೆದು ಕೊಡುತ್ತಾರೆ, ದಿನಾಲೂ ನಡೆಯುತ್ತದೆ. ವಾಸನೆ ಇರಲಿಲ್ಲ ಎಂದು ಹೇಳಲು ಬಂದ ಏಕೈಕ ಸಾಕ್ಷಿಯನ್ನು ನಾನು ನಕ್ಕು ಕಳಿಸಿದೆ. "ಹೂಂ ಅಂದ್ರ ಒಂದ ದಿನದಾಗ ಮುಗಿತೈತಿ. ಇಲ್ಲ ಅಂದ್ರ ವರ್ಷಗಟ್ಟಲೆ ಅಡ್ಡಾಡಬೇಕು. ವ್ಯಾನಿಗೆ ಕಾಕಾ ಮಾತ ಕೊಟ್ಟಾರ" ಎಂದು ಬೇರೆ ಹೇಳಿದೆ. ಅವಳು ನಂಬಿದಳೋ ಇಲ್ಲವೋ, ಎದ್ದು ಹೋದಳು.

ಡ್ರೈವರನ ಪರ ವಕಾಲತ್ತು ಹಾಕಿದವಳು ನಾನೇ. ಕೋರ್ಟಿನ ದಿನ ಕಾಕಾ ಬಂದಿದ್ದರು. ಒಳಗೆ ಅಲ್ಲ, ಹೊರಗೆ ಬೇವಿನ ಗಿಡದ ನೆರಳಿಗೆ ಕಾರು ನಿಲ್ಲಿಸಿಕೊಂಡು ಕೂತಿದ್ದರು. ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ್ದು ಡ್ರೈವರನ ಹೆಸರನ್ನು. ಆ ಕೂಗು ಕಾರಿನವರೆಗೂ ಕೇಳಿಸಿತ್ತು.

ನ್ಯಾಯಾಧೀಶರು ಆರೋಪ ಓದಿ ಹೇಳಿಸಿದರು. "ಯಾರಾದರೂ ಒತ್ತಾಯ ಮಾಡಿ ಒಪ್ಪಿಕೋ ಅಂತ ಹೇಳಿದ್ದಾರೇನು?" ಎಂದು ಎರಡು ಸಲ ಕೇಳಿದರು. ಅವರ ಕೆಲಸವನ್ನು ಅವರು ಸರಿಯಾಗಿಯೇ ಮಾಡಿದರು. ನನ್ನ ಕಕ್ಷಿದಾರ ಕೈಮುಗಿದು "ಇಲ್ರಿ ಸಾಹೇಬ್ರ, ತಪ್ಪಾತ್ರಿ" ಅಂದ. ಏನು ಉದ್ಯೋಗ ಎಂದು ಕೇಳಿದಾಗ ಸಾಲಿಯ ವ್ಯಾನ್ ಡ್ರೈವರ್ ಅಂದ.

"ಮಕ್ಕಳನ್ನು ಕೂಡಿಸಿಕೊಂಡು ಗಾಡಿ ಓಡಿಸುವವನು ನೀನು! ನಾಚಿಕೆ ಆಗಬೇಕು ನಿನಗೆ" ಅಂದರು ನ್ಯಾಯಾಧೀಶರು.

ಅವನು ತಲೆ ತಗ್ಗಿಸಿದ. ಪಕ್ಕದಲ್ಲಿ ಕರಿ ಕೋಟು ಹಾಕಿಕೊಂಡು ನಿಂತ ನಾನು ತಲೆ ತಗ್ಗಿಸಲಿಲ್ಲ. ಫೈಲು ಮಡಚಿ, ದಂಡ ಕಡಿಮೆ ಹಾಕಬೇಕೆಂದು ವಿನಂತಿ ಮಾಡಿದೆ. ಅದನ್ನೇ ನಾನು ಅವನ ಪರವಾಗಿ ಮಾಡಿದ ವಾದ ಎಂದು ಕಡತದಲ್ಲಿ ಬರೆದಿದೆ.

ಹೊರಗೆ ಬಂದ ಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಕಾಕಾ ಹಿಂದಿನ ಸೀಟಿನಿಂದ ಕೈ ಚಾಚಿ ಕೀಲಿಯನ್ನು ಡ್ರೈವರನ ಕೈಗೆ ಹಾಕಿ, "ನಡಿಯೋ ತಮ್ಮಾ, ಊಟದ ವ್ಯಾಳೆ ಆತು. ಸಾವಕಾಶ ಹೊಡಿ" ಅಂದರು. ಕುಡಿದು ಗಾಡಿ ಓಡಿಸಿದವನು ಎಂದು ಈಗಷ್ಟೇ ಕೋರ್ಟಿನಲ್ಲಿ ಒಪ್ಪಿಕೊಂಡವನು ಅವರನ್ನು ಸುರಕ್ಷಿತವಾಗಿ ಮೂಡಲಗಿಗೆ ಮುಟ್ಟಿಸಿದ. ಸಂಜೆ ನನ್ನ ಮನೆಗೆ ಕಾಕಾನ ಕಡೆಯಿಂದ ಕರದಂಟಿನ ಡಬ್ಬಿ ಬಂತು. ಡಬ್ಬಿಯನ್ನು ಹಾಗೆಯೇ ಟೈಪಿಸ್ಟ್ ಹುಡುಗಿಗೆ ಕೊಟ್ಟೆ.

ಸುದ್ದಿ ಎಂಟು ದಿನದೊಳಗೆ ಪಾಲಕರ ಮೊಬೈಲುಗಳಲ್ಲಿ ಹರಿದಾಡಿತು. ಯಾರೋ ಕೋರ್ಟಿನ ಆದೇಶದ ಫೋಟೋವನ್ನೇ ಹಾಕಿದ್ದರು. ಅವರದೇನು ತಪ್ಪು? ನನ್ನ ಮಗಳು ಆ ವ್ಯಾನಿನಲ್ಲಿ ಹೋಗುತ್ತಿದ್ದರೆ ನಾನೂ ಸಾಲಿಯ ಬಾಗಿಲಿಗೆ ಹೋಗಿ ಒದರುತ್ತಿದ್ದೆ. ಕಾಕಾನ ಫೋನು ಬಂತು.

"ಮಗಳ, ಒಂದ ನೋಟೀಸ್ ತಯಾರ ಮಾಡವಾ. ಯಾಕ ನಿನ್ನ ಕೆಲಸದಿಂದ ತಗೀಬಾರದು ಅಂತ. ಏಳ ದಿನದಾಗ ಉತ್ತರ ಕೊಡು ಅಂತ."

"ಕಾಕಾ! ನೀವು ಮಾತ ಕೊಟ್ಟಿದ್ರಲ್ರಿ?"

"ನಾ ಒಬ್ಬನ ಕೈಯಾಗ ಏನೈತಿ? ಪಾಲಕರ ಎದ್ದ ನಿಂತಾರ. ಮಕ್ಕಳ ಜೀವದ ಪ್ರಶ್ನೆ ಐತಿ ನೋಡು." ಆಮೇಲೆ ಬಹಳ ಬೇಸರದ ದನಿಯಲ್ಲಿ ಅಂದರು: "ಮತ್ತ ಆಂವ ಕೋರ್ಟಿನಾಗ ತಾನ ಒಪ್ಪಿಕೊಂಡಾನಲ್ಲ."

ಅವರು ಹುಡುಗಾಟಕ್ಕೆ ಅಂದಿರಲಿಲ್ಲ. ಅದೇ ಹೊಲಸು. ಅಷ್ಟು ದಿನದಲ್ಲಿ ಅವರಿಗೆ ಅದು ನಿಜವಾಗಿಯೇ ಹೋಗಿತ್ತು, ಕುಡಿದವನು ಡ್ರೈವರನೇ, ತಾವು ಪಾಪ, ಪಕ್ಕದಲ್ಲಿ ಕೂತವರು. ಫೋನಿನಲ್ಲಿ ಅವರ ಉಸಿರು ಕೇಳುತ್ತಿತ್ತು, ನನಗೆ ಯಾಲಕ್ಕಿಯ ನೆನಪಾಯಿತು. ಆದರೂ ನೋಟೀಸು ಬರೆದೆ. ಬೈದುಕೊಳ್ಳುತ್ತ ಬರೆದೆ, ಆದರೆ ಬರೆದೆ. ಎಲ್ಲೂ ಒಂದು ಕಾನೂನಿನ ಲೋಪ ಉಳಿಯದಂತೆ, "ಸದರಿಯವರು ಮದ್ಯಪಾನ ಮಾಡಿ ವಾಹನ ಚಲಾಯಿಸಿರುವುದನ್ನು ಸ್ವತಃ ಒಪ್ಪಿಕೊಂಡಿರುವುದರಿಂದ" ಎಂದು ಬರೆದೆ. ಕೆಳಗೆ ಸಹಿ ಅಧ್ಯಕ್ಷರದು. ಬರೆದವಳ ಹೆಸರು ಇಂಥ ಕಾಗದದ ಮೇಲೆ ಎಲ್ಲೂ ಇರುವುದಿಲ್ಲ.

ನಾಲ್ಕನೆಯ ದಿನ ಗಂಡ ಹೆಂಡತಿ ಇಬ್ಬರೂ ನನ್ನ ಆಫೀಸಿಗೆ ಬಂದರು. ಅವನು ದಾಡಿ ಮಾಡಿಕೊಂಡಿರಲಿಲ್ಲ. ವ್ಯಾನನ್ನು ಈಗಾಗಲೇ ಬೇರೆಯವನು ಓಡಿಸುತ್ತಿದ್ದ. ನೋಟೀಸನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದ. ತೆಗೆದು ಮೇಜಿನ ಮೇಲೆ ಕೈಯಿಂದ ತೀಡಿ ಸರಿಮಾಡಿ ಇಟ್ಟ.

"ಅಕ್ಕಾರ, ಇದಕ್ಕೊಂದು ಉತ್ತರ ಬರದ ಕೊಡ್ರಿ. ನೀವ ನನ್ನ ವಕೀಲರ ಅದೀರಿ."

ಹೆಂಡತಿ ಕೇಳಿದಳು: "ಮ್ಯಾಲಿನ ಕೋರ್ಟಿಗೆ ಹೋಗಾಕ ಬರ್ತೈತೇನ್ರಿ?"

"ಇಲ್ಲವಾ. ತಾನ ಒಪ್ಪಿಕೊಂಡ ಮ್ಯಾಲೆ ತಪ್ಪ ಮಾಡಿಲ್ಲ ಅಂತ ಅಪೀಲ ಮಾಡಾಕ ಬರಂಗಿಲ್ಲ. ಶಿಕ್ಷಾ ಹೆಚ್ಚಾತು ಅಂತ ಅಷ್ಟ ಕೇಳಬಹುದು."

"ಇದು ನಿಮಗ ಮೊದಲ ಗೊತ್ತಿತ್ತೇನ್ರಿ?"

ಗೊತ್ತಿತ್ತು. ಹೂಂ ಅನ್ನು ಎಂದು ಹೇಳುವಾಗಲೂ ಗೊತ್ತಿತ್ತು. ನಾನು ತಲೆಯಾಡಿಸಿದೆ. ಅವಳು ನನ್ನನ್ನು ಬೈಯಬೇಕಿತ್ತು, ಬೈಯಲಿ ಎಂದು ಕಾದೆ, ಬೈಯಲಿಲ್ಲ. ನಾನೇ ಬಾಯಿಬಿಟ್ಟೆ.

"ನೋಡವಾ, ಈ ನೋಟೀಸ್ ಬರದಾಕಿನೂ ನಾನ."

ಡ್ರೈವರ್ ನೆಲ ನೋಡಿದ. ಅವಳು ಮಾತ್ರ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಗೊತ್ತೈತ್ರಿ. ಸಾಲಿ ಕಾರಕೂನ ಹೇಳ್ಯಾನ. ಅದಕ್ಕ ನಿಮ್ಮ ಕಡೇನ ಬಂದೇವಿ. ಬ್ಯಾರೆ ವಕೀಲರಿಗೆ ಎಲ್ಲಾ ಮೊದಲಿಂದ ಹೇಳಬೇಕ್ರಿ, ಅವರು ನಂಬತಾರೋ ಬಿಡತಾರೋ. ಇದರಾಗ ಸುಳ್ಳ ಎಲ್ಲೈತಿ ಅಂತ ನಿಮಗ ಗೊತ್ತೈತಿ."

ಅಷ್ಟು ಹೇಳಿ, "ಬರೀತೀರೋ ಇಲ್ಲೋ?" ಎಂದು ಕೇಳಿದಳು.

ಟೈಪಿಸ್ಟ್ ಹುಡುಗಿಯನ್ನು ಕರೆಯಲಿಲ್ಲ. ಬಿಳಿ ಹಾಳೆ ಎಳೆದುಕೊಂಡು ಕೈಯಿಂದಲೇ ಬರೆಯತೊಡಗಿದೆ. ಕಕ್ಷಿದಾರನ ತಪ್ಪೊಪ್ಪಿಗೆ ಸುಳ್ಳು, ಅದನ್ನು ಹೇಳಿಸಿದವಳು ಈ ಕೆಳಗೆ ಸಹಿ ಮಾಡಿದ ವಕೀಲೆ ಎಂದು ಬರೆದೆ. ಇದರಿಂದ ನನ್ನ ವಕೀಲಿಯ ಸನದು ಉಳಿಯುತ್ತದೋ ಹೋಗುತ್ತದೋ ತಿಳಿಯದು. ಆ ದಿನ ಕಾರು ಓಡಿಸುತ್ತಿದ್ದವರು ಎಂದು ಬರೆದು, ಮುಂದೆ ಕಾಕಾನ ಹೆಸರು ಬರೆದೆ, ಅಜ್ಜನ ಹೆಸರು ಬರೆದೆ, ಕೊನೆಗೆ ಅಡ್ಡಹೆಸರು. ಅಡ್ಡಹೆಸರು ನನ್ನದೂ ಅದೇ.