ಬಾಗಲಕೋಟೆಗೆ ಒಂದು ಚೀಲ

ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಬಾಗಲಕೋಟೆ ಬಸ್ಸು ಹತ್ತಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಮಾರಲು ಒಯ್ಯುತ್ತಿದ್ದ ಇಳಕಲ್ ಸೀರೆಗಳ ಗಂಟು ಕಾಲ ಬಳಿ ಇತ್ತು. ವಯಸ್ಸಾದ ಹೆಂಗಸೊಬ್ಬಳು ಕಿಟಕಿಯ ಹತ್ತಿರ ಬಂದು ಒಂದು ಚೀಲ ಎತ್ತಿ ಹಿಡಿದಳು.

“ತಂಗಿ, ಇದನ್ನ ಬಾಗಲಕೋಟಿ ಬಸ್‌ಸ್ಟ್ಯಾಂಡಿನ್ಯಾಗ ನನ್ನ ಸೊಸಿ ಕೈಯಾಗ ಕೊಡವಾ. ಮನ್ಯಾಗ ಮೊಮ್ಮಗಳಿಗೆ ಜ್ವರಾ ಬಂದಾವು, ಬಿಟ್ಟು ಹೋಗಾಕ ನನಗ ಆಗವಲ್ದು.”

ನಮ್ಮ ಕಡೆ ಹೀಗೆ ಕೊಟ್ಟು ಕಳಿಸುವುದು ಹೊಸದೇನಲ್ಲ. ಆದರೆ ನಾನು ಯಾರ ಚೀಲವನ್ನೂ ಸುಮ್ಮನೆ ಹಿಡಿಯುವವಳಲ್ಲ.

“ಒಳಗೇನೈತಿ, ಮೊದಲ ತೆಗದು ತೋರಸ್ರಿ,” ಅಂದೆ.

ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಆಕೆ ಎರಡು ಅಂಗಿ, ಒಂದು ಚಾದರ ಬಿಡಿಸಿ, ಅಂಗಿಯ ಕಿಸೆಗಳನ್ನೂ ಹೊರಗೆಳೆದು ತೋರಿಸಿದಳು. “ಜೇಲಿನ್ಯಾಗಿರೂ ಮಗಗ ಕೊಡೂ ಅರಬಿ ಇವು. ಅಲ್ಲಿ ಬಾಗಲದಾಗ ಹಿಂಗ ತೋರಿಸಿ ರೂಢಿ ಆಗೇತಿ.”

ಟೆಂಪೋ ಓಡಿಸುತ್ತಿದ್ದ ಆಕೆಯ ಮಗ, ಉಳ್ಳಾಗಡ್ಡಿ ಅಂತ ನಂಬಿ ಯಾರದೋ ಚೀಲಗಳನ್ನು ಬಾಡಿಗೆಗೆ ಹೇರಿಕೊಂಡಿದ್ದನಂತೆ. ಒಳಗೆ ಗಾಂಜಾ ಇತ್ತು.

“ಅಷ್ಟು ಮಾಲಿಗೆ ಹತ್ತು ವರ್ಷಕ್ಕಿಂತ ಕಡಿಮಿ ಕೊಡಾಕ ಕಾಯ್ದೆದಾಗ ಬರಂಗಿಲ್ಲ ಅಂದ್ರು ಜಡ್ಜ್ ಸಾಹೇಬ್ರು. ಮೊಮ್ಮಗಳು ಆಗ ಅಂಬೆಗಾಲ ಇಡ್ತಿದ್ಲು. ಅವ ಬರೂದ್ರಾಗ ಸಾಲ್ಯಾಗ ಐದನೇತ್ತ ದಾಟಿರ್ತಾಳ.”

“ಚೀಲ ಬಿಚ್ಚಿ ನೋಡಬಾರದಾಗಿತ್ತೇನ್ರಿ ನಿಮ್ಮ ಮಗ?”

“ನಿನ್ನಷ್ಟು ಶಾಣ್ಯಾ ಇರಲಿಲ್ಲ ತಂಗಿ ಅವ.”

ಆಕೆಯ ಒಂದೊಂದು ಮಾತನ್ನೂ ನಂಬಿದೆ. ನಂಬಿದ್ದಕ್ಕೇ ಚೀಲ ಮುಟ್ಟಲಿಲ್ಲ.

ಆಕೆ ಮುಂದಿನ ಕಿಟಕಿಗೆ ಹೋದಳು. ಅಲ್ಲಿ ಕುಳಿತಿದ್ದ ಹಿರಿಯರು, “ಕೊಡಬೇ ಯಕ್ಕಾ, ಮುಟ್ಟಸ್ತೇನಿ,” ಅಂತ ಚೀಲ ಇಸಿದುಕೊಂಡು, ಒಳಗೆ ನೋಡದೆ ತೊಡೆಯ ಮೇಲೆ ಇಟ್ಟುಕೊಂಡರು. ಭಾಳ ಒಳ್ಳೆಯ ಮನುಷ್ಯ ಅನಿಸಿತು. ಮಗಳನ್ನೂ ಗಂಟನ್ನೂ ಎತ್ತಿಕೊಂಡು ನಾನು ಕಡೆಯ ಸೀಟಿಗೆ ಹೋಗಿ ಕುಳಿತೆ.