ದೋಣಿಗೆ ಪಟ್ಟಿ ಹಾಕಿದ ಅಕ್ಕ

ಅವರ ಬಲಗೈ ತೋರುಬೆರಳಿನ ನಡುಗೆಣ್ಣಿನಲ್ಲಿ ನೂಲು ಕೊರೆದ ಒಂದು ಗುಳಿ ಇತ್ತು. ಮೇಣ ಸವರಿದ ದಪ್ಪ ನೂಲನ್ನು ವರ್ಷಗಟ್ಟಲೆ ಅದೇ ಜಾಗಕ್ಕೆ ಸುತ್ತಿ ಬಿಗಿದು, ಚರ್ಮ ಅಲ್ಲಿ ಗಟ್ಟಿಯಾಗಿ ಹೊಳೆಯುತ್ತಿತ್ತು. ಅಜ್ಜಂಪುರದ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ತಗಡಿನ ಛಾವಣಿಯ ಅಂಗಡಿ ಅವರದು. ಲಾರಿ ಟಾರ್ಪಾಲು, ಟ್ರಾಕ್ಟರ್ ಸೀಟು, ಈರುಳ್ಳಿ ರಾಶಿಗೆ ಹೊದಿಸುವ ಹಾಳೆ, ಏನು ಹರಿದರೂ ಜನ ಅಲ್ಲಿಗೇ ಹೋಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಸೂಜಿ ಹಿಡಿದವರು, ಊರಿಗೆಲ್ಲ ಟಾರ್ಪಾಲಕ್ಕ ಆದರು. ನನಗೂ ಅಕ್ಕನೇ.

ಏನು ತಂದುಕೊಟ್ಟರೂ ಅಳತೆ ತೆಗೆಯುವ ಮೊದಲು ಅವರು ಕೇಳುತ್ತಿದ್ದುದು ಒಂದೇ: "ಯಾತಕ್ಕೆ?" ಚೀಲಕ್ಕೆ ಹಿಡಿ ಹಾಕಿಸಲು ಬಂದವರಿಗೂ ಅದೇ ಪ್ರಶ್ನೆ. "ಏನ್ ತುಂಬ್ತೀಯ ಇದ್ರೊಳಗೆ? ಎಷ್ಟ್ ಭಾರ? ಯಾರು ಹೊರೋರು?" ಬಸ್ಸಿನ ಅವಸರದಲ್ಲಿದ್ದವರು "ಹೊಲ್ದು ಕೊಡ್ರಕ್ಕ, ಪುರಾಣ ಯಾಕೆ" ಎಂದು ರೇಗುತ್ತಿದ್ದರು. ಉತ್ತರ ಬರುವವರೆಗೆ ಅಕ್ಕ ಸೂಜಿ ಎತ್ತುತ್ತಿರಲಿಲ್ಲ.

ನಾನು ಅವರ ಅಂಗಡಿಗೆ ಹೋದದ್ದು ಒಂದು ದೋಣಿ ಹೊತ್ತುಕೊಂಡು. ಶಿವನಿ ಕಡೆಯ ನಮ್ಮೂರ ಕೆರೆ ಬಹಳ ವರ್ಷಗಳ ನಂತರ ತುಂಬಿ ಕೋಡಿ ಬಿದ್ದಿತ್ತು. ನಾವು ನಾಲ್ಕು ಜನ ಸೇರಿ ಮೀನುಮರಿ ಬಿಟ್ಟೆವು. ಮೇವು ಹಾಕಲು, ಬಲೆ ನೋಡಲು ಆನ್‌ಲೈನಿನಲ್ಲಿ ಗಾಳಿ ತುಂಬುವ ಬೋಟು ತರಿಸಿದೆವು. ಅದರ ಎರಡೂ ಪಕ್ಕಕ್ಕೆ, ಹುಟ್ಟು ತೂರಿಸಲೆಂದು, ಅಂಗೈಯಗಲದ ಬಿಲ್ಲೆಗಳ ಮೇಲೆ ಒಂದೊಂದು ಪ್ಲಾಸ್ಟಿಕ್ ಬಳೆ ಇಟ್ಟು ಅಂಟಿಸಿದ್ದರು. ನಾಲ್ಕನೆಯ ದಿನ ಎದುರುಗಾಳಿಗೆ ಜೋರಾಗಿ ಹುಟ್ಟು ಎಳೆದೆ. ಬಲಗಡೆಯ ಬಳೆ ಬಿಲ್ಲೆಯ ಸಮೇತ ಕಿತ್ತು ಬಂತು. ಪಂಕ್ಚರ್ ಅಂಗಡಿಯಲ್ಲಿ ಸಲ್ಯೂಷನ್ ಹಾಕಿ ಅಂಟಿಸಿಕೊಟ್ಟರು. ಅದು ನಿಂತದ್ದು ಎರಡೇ ದಿನ. ಅಷ್ಟರಲ್ಲಿ ಎಡಗಡೆಯದೂ ಸಡಿಲವಾಗಿತ್ತು.

ಅಕ್ಕ ಬೋಟನ್ನು ನೆಲಕ್ಕೆ ಹರಡಿಸಿ, "ಯಾತಕ್ಕೆ?" ಎಂದರು. ಹೇಳಿದೆ.

"ಎಷ್ಟ್ ಜನ ಕೂರ್ತೀರ?"

"ನಾನೊಬ್ಬನೇ ಅಕ್ಕ. ಜೊತೆಗೊಂದು ಮೇವಿನ ಚೀಲ."

"ನೀರಿನ ನಡುವೆ ಇದು ಕಿತ್ತೋದ್ರೆ ಹೆಂಗ್ ಬತ್ತೀಯ?"

ಅವರು ಕಿತ್ತು ಬಂದ ಬಿಲ್ಲೆಯನ್ನು ಮೂಸಿ, ಉಗುರಿನಿಂದ ಕೆರೆದು ನೋಡಿದರು. "ಇದು ರಬ್ಬರ್ ಅಲ್ಲ ಕಣೋ. ಲಾರಿ ಟಾರ್ಪಾಲ್ ಜಾತೀದು. ಟ್ಯೂಬಿನ ಸಲ್ಯೂಷನ್ ಇದಕ್ಕೆ ಹಿಡಿಯಲ್ಲ. ಅದೂ ಅಲ್ದೆ, ನಿನ್ನ ತೋಳಿನ ಬಲ ಎಲ್ಲಾ ಇಷ್ಟೇ ಇಷ್ಟು ಬಿಲ್ಲೆ ಮೇಲೆ ಬಿದ್ರೆ ಅದೇನ್ ಮಾಡ್ತೈತೆ ಪಾಪ?"

"ಹೊಲ್ದುಬಿಡಿ ಅಕ್ಕ, ಗಟ್ಟಿಯಾಗ್ಲಿ."

"ಬೋಟಿಗೆ ಸೂಜಿ ಚುಚ್ಚಿದ್ರೆ ಗಾಳಿ ನಿಲ್ತೈತೇನೋ? ಹೊಲಿಗೆ ಪಟ್ಟಿಗೆ ಹಾಕ್ಬೇಕು. ಆಮೇಲೆ ಪಟ್ಟಿನ ಬೋಟಿಗೆ ಅಂಟಿಸ್ಬೇಕು."

ಲಾರಿ ಟಾರ್ಪಾಲಿನಿಂದ ಊಟದ ತಟ್ಟೆಯಷ್ಟು ಅಗಲದ ಎರಡು ಪಟ್ಟಿ ಕತ್ತರಿಸಿ ಮೂಲೆಗಳನ್ನೆಲ್ಲ ದುಂಡಗೆ ಮಾಡಿದರು. ನೈಲಾನ್ ಬೆಲ್ಟನ್ನು ಕುಣಿಕೆಯಂತೆ ಮಡಿಸಿ ಪಟ್ಟಿಯ ನಡುವೆ ಮೂರು ಸಾಲು ಹೊಲಿದರು. ಬೋಟಿನ ಮೈಯನ್ನು ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ಟಾರ್ಪಾಲಿಗೆ ಹಾಕುವ ಗಮ್ಮನ್ನು ತೆಳ್ಳಗೆ ಸವರಿ ಕಾದರು. ಬೆರಳಿನ ಹಿಂಭಾಗ ಮುಟ್ಟಿಸಿ ನೋಡಿ ಮತ್ತೆ ಸವರಿದರು.

ಹಾಗೆ ಕಾಯುವಾಗಲೇ ಅವರು ಹಳೆಯದೊಂದು ಬೆಲ್ಟಿನ ಕಥೆ ಹೇಳಿದ್ದು. ಅಂಗಡಿ ಹಿಡಿದ ಹೊಸತರಲ್ಲಿ ಒಬ್ಬ ಬಂದು ಗಟ್ಟಿಯಾದೊಂದು ಬೆಲ್ಟು ಹೊಲಿಸಿಕೊಂಡು ಹೋದನಂತೆ. ಹೊರೆ ಕಟ್ಟುವುದಕ್ಕಿರಬೇಕೆಂದು ಇವರು ಹೊಲಿದುಕೊಟ್ಟರು. ಅವನು ಅದನ್ನು ಸೊಂಟಕ್ಕೆ ಬಿಗಿದುಕೊಂಡು ಹೂಳು ತೆಗೆಯಲು ಬಾವಿಗೆ ಇಳಿದ. ಹೊಲಿಗೆ ಬಿಚ್ಚಿತು.

"ಸಾಯ್ಲಿಲ್ಲ. ಆದ್ರೆ ಮತ್ತೆ ಎದ್ದು ನಡೀಲಿಲ್ಲ," ಎಂದರು ಅಕ್ಕ. "ಯಾತಕ್ಕೆ ಅಂತ ಅವತ್ತು ನಾನು ಕೇಳ್ಲಿಲ್ಲ ನೋಡು."

ಎರಡು ದಿನ ಮರಳಿನ ಚೀಲದ ಭಾರ ಹೇರಿ ಬಿಟ್ಟರು. ಮೂರನೆಯ ದಿನ ಗಾಳಿ ತುಂಬಿಸಿ, ಬೋಟಿನ ಪಕ್ಕಕ್ಕೆ ಕಾಲು ಕೊಟ್ಟು, ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರವೆಲ್ಲ ಬಿಟ್ಟು ಜಗ್ಗಿದರು. ಅಷ್ಟಕ್ಕೂ ಸಮಾಧಾನವಿಲ್ಲ. ಅಂಗಡಿ ಮುಚ್ಚಿ ನನ್ನ ಜೊತೆ ಬಸ್ಸು ಹತ್ತಿ ಊರಿಗೆ ಬಂದರು. ನೀರು ಕಂಡರೆ ಅವರಿಗೆ ಭಯ. ಕೆರೆ ಏರಿಯ ಮೇಲೆ ತಲೆಗೆ ಸೆರಗು ಹೊದ್ದು ನಿಂತು, ಗಾಳಿಗೆದುರಾಗಿ ನಾನು ಮೂರು ಸಲ ಆಚೆ ದಡಕ್ಕೆ ಹೋಗಿ ಬರುವವರೆಗೂ ನೋಡಿದರು. ಆಮೇಲೆ "ಹೂಂ" ಎಂದು ಬಸ್ ಸ್ಟಾಪಿನ ಕಡೆ ನಡೆದರು.

ಮಾರನೆಯ ವರ್ಷದ ಹಿಂಗಾರಿನಲ್ಲಿ ಆ ಅನಾಹುತ ನಡೆಯಿತು. ಬೆಳಗಿನ ಹೊತ್ತು. ನಾನು ಮೇವು ಚೆಲ್ಲುತ್ತಿದ್ದೆ. ಪಕ್ಕದ ಹಳ್ಳಿಯ ಒಬ್ಬ ರೈತ, ಅವನ ಹೆಂಡತಿ ಮತ್ತು ತಾಯಿ ಔಷಧಿ ಹೊಡೆಯುವ ಡ್ರಮ್ಮುಗಳನ್ನು ಟ್ರಾಕ್ಟರಿನಲ್ಲಿ ಹೇರಿಕೊಂಡು ಏರಿಯ ಮೇಲೆ ಹೊಲಕ್ಕೆ ಹೊರಟಿದ್ದರು. ಮಳೆಗೆ ನೆನೆದ ಏರಿಯ ಅಂಚು ಕುಸಿದು ಟ್ರಾಕ್ಟರು ಮಗುಚಿ ನೀರಿಗೆ ಬಿತ್ತು. ಹೆಂಗಸರಿಬ್ಬರು ಒಂದು ಖಾಲಿ ಡ್ರಮ್ಮನ್ನು ತಬ್ಬಿಕೊಂಡು ಕೂಗುತ್ತಿದ್ದರು. ಗಾಳಿ ಅವರನ್ನು ಕೆರೆಯ ನಡುವಿಗೆ ತಳ್ಳುತ್ತಿತ್ತು. ನಾನು ಹುಟ್ಟು ಹಾಕಿದೆ. ಅಷ್ಟು ಜೋರಾಗಿ ಹಿಂದೆ ಎಂದೂ ಎಳೆದಿರಲಿಲ್ಲ, ಮುಂದೆಯೂ ಎಳೆಯಲಾರೆ. ಇಬ್ಬರನ್ನೂ ಬೋಟಿಗೆ ಎಳೆದುಕೊಂಡು ದಡ ಮುಟ್ಟಿಸಿದೆ. ಮತ್ತೆ ತಿರುಗಿ ಹೋದೆ. ಆ ರೈತ ಟ್ರಾಕ್ಟರಿನ ಅಡಿಯಲ್ಲಿ ಸಿಕ್ಕಿಕೊಂಡಿದ್ದ. ಮಧ್ಯಾಹ್ನ ಕ್ರೇನು ಬಂದ ಮೇಲೆಯೇ ಹೆಣ ಹೊರಗೆ ತೆಗೆದದ್ದು.

ನಾಲ್ಕು ದಿನ ಬಿಟ್ಟು ಅಕ್ಕನ ಅಂಗಡಿಗೆ ಹೋದೆ. "ಅಕ್ಕ, ನಿಮ್ಮ ಪಟ್ಟಿ ಎರಡು ಜೀವ ಉಳಿಸ್ತು," ಎಂದೆ.

"ಎಷ್ಟ್ ಜನ ಇದ್ರು?"

"ಮೂರು."

ಅವರು ಕೈಯಲ್ಲಿದ್ದ ಸೀಟನ್ನು ಪಕ್ಕಕ್ಕಿಟ್ಟರು. ಆಮೇಲೆ, "ಬೋಟು ತಗಂಬಾ," ಎಂದರು. ತಂದುಕೊಟ್ಟೆ. ಬೆರಳಾಡಿಸಿ ನೋಡಿದರೆ ಬಲಗಡೆಯ ಪಟ್ಟಿಯ ಅಂಚು ಉಗುರಿನಷ್ಟು ಎದ್ದಿತ್ತು. ಅದನ್ನು ಪೂರ್ತಿ ಬಿಡಿಸಿ ಹೊಸದಾಗಿ ಮಾಡಿದರು.

ಅಲ್ಲಿಂದ ಮುಂದೆ ನಾನು ಯಾವಾಗ ಹೋದರೂ, "ಗಂಡ ಹೋದ ಆ ಹೆಣ್ಮಗಳು ಹೆಂಗವ್ಳೆ?" ಎಂದು ಕೇಳುತ್ತಿದ್ದರು. "ಚೆನ್ನಾಗವ್ರೆ ಅಕ್ಕ," ಎಂದುಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಅವರ ಮನೆಯ ಮುಂದೆ ಹಾಯ್ದು ಹೋಗುವಾಗ ನಾನು ತಲೆ ತಗ್ಗಿಸುತ್ತಿದ್ದೆ.

ಕಳೆದ ವರ್ಷ ಮಾಗಿಯಲ್ಲಿ ಅಕ್ಕ ಹೋದರು. ಎದೆನೋವೆಂದು ತರೀಕೆರೆ ಆಸ್ಪತ್ರೆಗೆ ಸೇರಿಸಿದ್ದರು, ಎರಡೇ ದಿನ. ಸುದ್ದಿ ಬಂದಾಗ ನನ್ನ ಕಾಲು ತಾನಾಗಿಯೇ ಪಕ್ಕದ ಹಳ್ಳಿಗೆ ನಡೆಯಿತು. ಆ ಹೆಣ್ಣುಮಗಳು ಅಂಗಳದಲ್ಲಿ ಜೋಳ ಕೇರುತ್ತಿದ್ದರು. ಬೋಟಿನ ಪಟ್ಟಿ ಹಾಕಿದವರು ಯಾರೆಂದು ಹೇಳಿ, ಅವರು ಹೋದ ಸುದ್ದಿ ತಿಳಿಸಿದೆ. ಮೊರ ಕೆಳಗಿಟ್ಟು, ಅತ್ತೆಗೆ ಹೇಳಿ, ಉಟ್ಟ ಸೀರೆಯಲ್ಲೇ ನನ್ನ ಬೈಕು ಹತ್ತಿದರು.

ವಿಭೂತಿ ಹಚ್ಚಿ ಕೂರಿಸಿದ್ದ ಅಕ್ಕನ ಪಕ್ಕದಲ್ಲಿ ಹಿರೇನಲ್ಲೂರಿಗೆ ಕೊಟ್ಟ ಅವರ ಮಗಳು ಇದ್ದರು. ಬಂದವರು ಯಾರೆಂದು ನಾನು ಹೇಳಿದಾಗ ಮಗಳು ಆ ಹೆಣ್ಣುಮಗಳ ಎರಡೂ ಕೈ ಹಿಡಿದುಕೊಂಡು ಹೇಳಿದರು: "ನಿಮ್ಮನ್ನ ನೋಡ್ಬೇಕು ಅಂತ ಅಮ್ಮ ಎಷ್ಟ್ ಸಲ ಹೊರಟ್ಲು ಗೊತ್ತಾ? ಅವ್ಳ ಗಂಡನ್ನ ಉಳಿಸೋಕಾಗ್ಲಿಲ್ಲ, ಯಾವ ಮುಖ ಇಟ್ಕಂಡು ಹೋಗ್ಲಿ ಅಂತ ಬಸ್ ಸ್ಟ್ಯಾಂಡಿಂದ ವಾಪಸ್ ಬಂದ್ಬಿಡೋಳು."

ಮೂರು ಹಿಡಿ ಮಣ್ಣು ಹಾಕಿ ಇಬ್ಬರೂ ಹೊರಟೆವು. ಅವರು ತಮ್ಮ ಮನೆಯ ಮುಂದೆ ಇಳಿದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನನ್ನು ನೇರವಾಗಿ ನೋಡಿ ಕೇಳಿದರು:

"ಅವ್ರು ಬದುಕಿದ್ದಾಗ ಒಂದ್ಸಲನಾದ್ರೂ ನನ್ನ ಕರ್ಕಂಡು ಹೋಗ್ಬಾರ್ದಿತ್ತಾ ಅಣ್ಣಾ?"

ಅಂಗಳದಲ್ಲೇ ಬಿಟ್ಟಿದ್ದ ಮೊರ ಎತ್ತಿಕೊಂಡು ಒಳಗೆ ಹೋದರು.